ಅಗಲದ ಯಂತ್ರ, ನಯದ ಯಂತ್ರ

ಯಾವುದೇ ಪದಾರ್ಥವನ್ನು ಕೊಳ್ಳುವ ಮೊದಲು ಅದನ್ನು ಒಮ್ಮೆ ಒತ್ತಿ ನೋಡದಿದ್ದರೆ ನಮ್ಮ ಕಡೆಯವರಿಗೆ ಕೊಂಡಂತೆಯೇ ಅನಿಸುವುದಿಲ್ಲ. ಸೋರೆಕಾಯಿಗೆ ಉಗುರು, ಬಂಗಡೆಯ ಮೈಗೆ ಹೆಬ್ಬೆರಳು, ತೆಂಗಿನಕಾಯಿಗೆ ಬೆರಳ ಗೆಣ್ಣು, ಸೀರೆಯ ಸೆರಗಿಗೆ ಎರಡು ಬೆರಳುಗಳ ನಡುವಿನ ಉಜ್ಜಾಟ; ಹೀಗೆ ಒಂದೊಂದು ವಸ್ತುವಿಗೂ ಒಂದೊಂದು ಪರೀಕ್ಷೆ ನಮ್ಮ ಕೈಗಳಲ್ಲಿ ತಾನಾಗಿಯೇ ಬಂದು ಕೂತಿದೆ. ಆದರೆ ಯಂತ್ರವೊಂದರ ಮುಂದೆ ನಿಂತಾಗ ಈ ಪರಂಪರಾಗತ ಜ್ಞಾನವೆಲ್ಲ ನಿರುಪಯೋಗಿ. ಎಲ್ಲಿ ಒತ್ತಬೇಕೆಂದು ತಿಳಿಯುವುದಿಲ್ಲ. ತಿಳಿಯದೆ ಒತ್ತಿದರೆ ಅದು ಓಡತೊಡಗುತ್ತದೆ. ಕಾರವಾರದ ಅಂಗಡಿಯೊಂದರಲ್ಲಿ ಸ್ಟಿಕ್ಕರ್ ಕತ್ತರಿಸುವ ಯಂತ್ರವನ್ನು ಮೊದಲ ಬಾರಿ ಕೊಳ್ಳುವ ದೃಷ್ಟಿಯಿಂದ ನೋಡಿದಾಗ ನಾನು ಮಾಡಿದ್ದು ಇಷ್ಟೇ: ಅದರ ಮುಚ್ಚಳದ ಮೇಲೆ ಬೆರಳೆಳೆದು ಧೂಳಿದೆಯೇ ಎಂದು ಪರೀಕ್ಷಿಸಿದೆ. ಇತ್ತು. ಅಂಗಡಿಯ ಯಜಮಾನ ಪಾಂಡುರಂಗ ಓಡಿ ಬಂದು ಬಟ್ಟೆಯಿಂದ ಒರೆಸಿದ. ಯಂತ್ರಪರೀಕ್ಷೆಯಲ್ಲಿ ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಜೀವಮಾನವೆಲ್ಲ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳ ಬೆರಳಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಎಲ್ಲಿಂದ ಬರಬೇಕು? ತರಬೇತಿಗೆ ಸೇರಿದ ದಿನ ನಮ್ಮ ಮೇಟ್ರನ್ ಕಲಿಸಿದ ಮೊದಲ ಪಾಠ ರೋಗಿಯದಲ್ಲ, ಹಾಸಿಗೆಯದು. ಚಾದರದ ಮೂಲೆಯನ್ನು ಲಕೋಟೆಯ ಹಾಗೆ ಮಡಿಸಿ ಒಳಗೆ ಸಿಕ್ಕಿಸಬೇಕು, ಕೈ ಆಡಿಸಿದರೆ ಒಂದು ಸುಕ್ಕೂ ಸಿಗಬಾರದು. ನಿವೃತ್ತಳಾಗಿ ಅಂಕೋಲೆಯ ತಮ್ಮನ ಮನೆಗೆ ಬಂದು ನೆಲೆಸಿದ ಮೇಲೂ ನನ್ನ ಹಾಸಿಗೆಯ ಮೂಲೆಗಳು ಹಾಗೆಯೇ ಇವೆ. ಏಳುವ ಹೊತ್ತು, ಚಹಾದ ಹೊತ್ತು, ಪತ್ರಿಕೆಯ ಹೊತ್ತು ಯಾವುದೂ ಅಲುಗಾಡಿಲ್ಲ. ಆ ಮನೆಯ ಬೆಕ್ಕು, ಹಿಂದೆ ಮನಸ್ಸು ಬಂದಾಗ ಹಾಲು ಕುಡಿಯುತ್ತಿದ್ದ ಸ್ವೇಚ್ಛಾಚಾರಿ, ಈಗ ಹೊತ್ತಿಗೆ ಸರಿಯಾಗಿ ಬಟ್ಟಲ ಮುಂದೆ ಹಾಜರಾಗುತ್ತದೆ. "ಅಕ್ಕ ಬಂದ ಮೇಲೆ ನಮ್ಮನೆ ಗಡಿಯಾರಕ್ಕೆ ಪೆನ್ಶನ್ ಆಯ್ತು" ಎಂದು ತಮ್ಮ ಶಾಂತಾರಾಮ ಬಂದವರಿಗೆಲ್ಲ ಹೇಳುತ್ತಿದ್ದ. ನಾನದನ್ನು ಹೊಗಳಿಕೆಯೆಂದೇ ತಿಳಿದುಕೊಂಡಿದ್ದೆ.

ಶಾಂತಾರಾಮ ಪೇಂಟರ್. ಕಾರವಾರದಿಂದ ಅಂಕೋಲೆಯವರೆಗಿನ ದಾರಿಯಲ್ಲಿ ಒಂದು ಕಾಲದಲ್ಲಿ ಅವನ ಅಕ್ಷರ ಕಾಣದ ಊರಿರಲಿಲ್ಲ. ಕಿರಾಣಿ ಅಂಗಡಿ, ಶಾಲೆಯ ಗೋಡೆ, ಬೇಲೆಕೇರಿಯ ದೋಣಿಗಳ ಮೂತಿ, ಬಸ್ ನಿಲ್ಲುವ ಕಡೆಯ ಹಳದಿ ಹಲಗೆ, ಎಲ್ಲದರ ಮೇಲೂ ಅವನ ಕುಂಚ ಆಡಿತ್ತು. ಅವನ ಅಕ್ಷರಗಳಿಗೆ ಒಂದು ಗುಣವಿತ್ತು. ಅಕ್ಷರದ ನೆತ್ತಿಯ ಗೆರೆಯನ್ನು ಅವನು ನೇರವಾಗಿ ಎಳೆಯದೆ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆತ್ತಿ ಬಿಡುತ್ತಿದ್ದ, ಹೊರಟುನಿಂತ ಮನುಷ್ಯ ಹುಬ್ಬು ಹಾರಿಸಿ ಬರುತ್ತೇನೆ ಎಂದಂತೆ. ಉದ್ದದ ತಿರುವು ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ತಿರುವು ಮುಗಿದು ಕುಂಚ ಮೇಲೆದ್ದ ಮೇಲೇ ಉಸಿರು. ಮೂಗಿನ ಮುಂದೆ ಕನ್ನಡಿ ಹಿಡಿದು ಉಸಿರು ನೋಡಿದ ವೃತ್ತಿಯವಳಾದ ನನಗೆ, ಅವನು 'ಳ' ಬರೆಯುವುದನ್ನು ನೋಡುತ್ತ ನಿಂತಾಗ ಪ್ರತಿಸಲವೂ ಅವನ ನಾಡಿ ಹಿಡಿದು ನೋಡಬೇಕೆನಿಸುತ್ತಿತ್ತು.

ಆಮೇಲೆ ಅವನ ಬಲಗೈ ನಡುಗತೊಡಗಿತು. ಅಪಾಯದ್ದೇನಲ್ಲ, ಕೆಲವರ ಕೈಗೆ ಹೀಗೆ ಬರುತ್ತದೆ, ಗುಳಿಗೆಯಿಂದ ತುಸು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುಮ್ಮನೆ ಮಡಿಲಲ್ಲಿಟ್ಟುಕೊಂಡಾಗ ಶಾಂತವಾಗಿರುವ ಕೈ, ಕೆಲಸಕ್ಕೆಂದು ಎತ್ತಿದ ಕೂಡಲೇ ನಡುಗುತ್ತದೆ. ದುಡಿಯುವಾಗ ಮಾತ್ರ ಕಾಡುವ ಈ ಕಾಯಿಲೆಯ ದುಷ್ಟಬುದ್ಧಿಗೆ ವೈದ್ಯಶಾಸ್ತ್ರದಲ್ಲಿ ಏನು ಹೆಸರಿದ್ದರೂ ನನಗೆ ಸಿಟ್ಟು ಹೋಗಿಲ್ಲ. ಶಾಂತಾರಾಮ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿಟ್ಟ. ಮತ್ತೆ ಬರೆಯಲಿಲ್ಲ.

ಅವನ ಹೆಂಡತಿ ಮಂಗಲಾ ಅಳುತ್ತ ಕೂರುವ ಪೈಕಿಯಲ್ಲ. ಕಂಪ್ಯೂಟರ್ ಕ್ಲಾಸಿಗೆ ಹೋಗಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು ಕಲಿತು ಬಂದಳು. ಯಾರೋ ಬಳಸಿ ಬಿಟ್ಟ ಪುಟ್ಟ ಕಟಿಂಗ್ ಮಷಿನ್ ಒಂದನ್ನು ತಂದು ಬಾಳೆಗುಳಿ ಕ್ರಾಸಿನ ಹತ್ತಿರ ಅಂಗಡಿ ಇಟ್ಟಳು. ಅಂಟುವ ಬಣ್ಣದ ಹಾಳೆಗೆಲ್ಲ, ಅದು ಹೊಳೆಯಲಿ ಬಿಡಲಿ, ನಮ್ಮಲ್ಲಿ ರೇಡಿಯಂ ಎಂದೇ ಹೆಸರು. ಆದ್ದರಿಂದ ಅದು ರೇಡಿಯಂ ಅಂಗಡಿ. ಗಾಡಿಗಳ ನಂಬರು, ಮಾಲೀಕರ ಮಕ್ಕಳ ಹೆಸರು, ದೇವರ ಹೆಸರು. ಕಂಪ್ಯೂಟರಿನಲ್ಲಿ ತಯಾರಾಗಿಯೇ ಇರುವ ಅಕ್ಷರವನ್ನು ಆರಿಸಿದರೆ ಯಂತ್ರದ ಸಣ್ಣ ಅಲಗು ಹಾಳೆಯ ಮೇಲೆ ಓಡಾಡಿ, ಅಡಿಯ ಕಾಗದಕ್ಕೆ ಗಾಯವಾಗದಂತೆ ಮೇಲಿನ ಪದರವನ್ನಷ್ಟೇ ಕೊಯ್ಯುತ್ತದೆ. ಆಮೇಲೆ ಅಕ್ಷರದ ಸುತ್ತಲಿನ, ಹೊಟ್ಟೆಯೊಳಗಿನ ಬೇಡದ ಭಾಗವನ್ನು ಕಿತ್ತು ತೆಗೆಯಬೇಕು. ಆ ಕೆಲಸ ನನ್ನದಾಯಿತು. ಹೊಲಿಗೆ ಬಿಚ್ಚುವ ಚಿಮಟ ಹಿಡಿದು 'ಠ'ದ ಒಳಗಿನ ಚುಕ್ಕೆಯನ್ನು ಉಳಿಸಿ ಉಳಿದದ್ದನ್ನು ತೆಗೆಯುವಾಗ, ಅಕ್ಷರಕ್ಕೆ ನೋಯಬಾರದು ಎಂದು ನಾನು ಅರಿಯದೆಯೇ "ಆಯ್ತು, ಆಯ್ತು, ಮುಗೀತು" ಎನ್ನುತ್ತಿದ್ದೆನಂತೆ. ಮಂಗಲಾ ಇದನ್ನು ಗಿರಾಕಿಗಳ ಮುಂದೆ ಅಭಿನಯಿಸಿ ತೋರಿಸುತ್ತಿದ್ದಳು.

ಶಾಂತಾರಾಮ ಅಂಗಡಿಯ ಮೂಲೆಯಲ್ಲಿ ಕೂತು ಗಿರಾಕಿಗಳಿಗೆ ಬಣ್ಣದ ಹಾಳೆ ತೋರಿಸುತ್ತಿದ್ದ. ಕಂಪ್ಯೂಟರಿನ ಪರದೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳವು. ರಸ್ತೆ, ಮರ, ಒಣಹಾಕಿದ ಬಟ್ಟೆ ಎಲ್ಲ ಕೆಂಪು. ಪ್ರತಿ ಲಾರಿಗೂ ನೆತ್ತಿಯ ಮೇಲೆ ದೊಡ್ಡ ಹೆಸರು ಬೇಕು, ಗಾಜಿನ ಉದ್ದಕ್ಕೆ ಪಟ್ಟಿ ಬೇಕು. ನಮ್ಮ ಪುಟ್ಟ ಯಂತ್ರದ ಬಾಯಿ ಅಷ್ಟು ಅಗಲ ತೆರೆಯುತ್ತಿರಲಿಲ್ಲ. ತೆರೆದಷ್ಟರಲ್ಲಿಯೂ ಕನ್ನಡದ ಗುಂಡು ತಿರುವು ಬಂದರೆ ಹಾಳೆಯನ್ನು ಹರಿದುಹಾಕುತ್ತಿತ್ತು. ಹೊಸ ಯಂತ್ರ ಬೇಕೇ ಬೇಕು ಎಂಬಲ್ಲಿ ಮನೆಯಲ್ಲಿ ಒಮ್ಮತ. ಭಿನ್ನಮತ ಅದರಾಚೆಗೆ. ನಮ್ಮ ಕೈಲಿದ್ದ ಹಣಕ್ಕೆ ಎರಡು ದಾರಿಯಿತ್ತು. ಬಾಗಿಲಷ್ಟು ಅಗಲದ, ಆದರೆ ತಿರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸರಿಯುವ ಅಗ್ಗದ ಜಾತಿಯ ಯಂತ್ರ ಒಂದು. ಅದರ ಅರ್ಧದಷ್ಟೇ ಅಗಲದ, ಆದರೆ ಗೆರೆಯನ್ನು ಕೂದಲಷ್ಟೂ ತಪ್ಪದೆ ಅನುಸರಿಸುವ ಉತ್ತಮ ಜಾತಿಯದು ಇನ್ನೊಂದು. ಅಗಲ ಮತ್ತು ನಯ ಎರಡೂ ಇರುವ ಯಂತ್ರವೂ ಇತ್ತು. ಅದರ ಬೆಲೆ ಕೇಳಿ ನಾವು ಮೂವರೂ ಏಕಕಾಲಕ್ಕೆ ಬೇರೆ ಬೇರೆ ದಿಕ್ಕು ನೋಡಿದೆವು.

ಮಂಗಲಾಳ ಮತ ಅಗಲಕ್ಕೆ. "ಲಾರಿಯವ್ರು ನಯ ಯಂತಕ್ಕೆ ನೋಡ್ತಾರೆ ಅಕ್ಕ? ದೂರದಿಂದ ಕಂಡ್ರೆ ಆಯ್ತು ಅವ್ರಿಗೆ. ಆ ಕೆಂಪು ಧೂಳಲ್ಲಿ ನಯ ಎಲ್ಲಿ ಕಾಣೂದು!" ನನ್ನ ಮತ ನಯಕ್ಕೆ. ಸುಕ್ಕಿಲ್ಲದ ಚಾದರದವಳು ಮತ್ತೇನು ಹೇಳಿಯೇನು? ಶಾಂತಾರಾಮ ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. "ನಿಮ್ಮ ನಿಮ್ಮ ಮಷಿನ್, ನೀವೇ ನೋಡ್ಕೊಳ್ಳಿ" ಎಂದು ಹಾಳೆಯ ಸುರುಳಿ ಸರಿಮಾಡುತ್ತ ಕೂತ. ಆ "ನಿಮ್ಮ ನಿಮ್ಮ" ಎಂಬ ಮಾತು ನನಗೆ ಚುಚ್ಚಿತು. ಅಂಗಡಿ ನಡೆಯುತ್ತಿತ್ತು, ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಅಕ್ಷರವೇ ವೃತ್ತಿಯಾಗಿದ್ದ ಮನುಷ್ಯ ಅಕ್ಷರದ ಅಂಗಡಿಯಲ್ಲಿ ಅತಿಥಿಯಂತೆ ಕೂತಿದ್ದ.

ಇಂಥ ಹೊತ್ತಿನಲ್ಲಿ ತೋಡೂರಿನಿಂದ ಗಿರಿಜಕ್ಕ ಬಂದಳು. ಬೆಂಡೆ, ಬಸಳೆ, ಹೀರೆ ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುವ ಹೆಂಗಸು. ಹಿಂದೆ ಅವಳ ಹೆರಿಗೆಯಲ್ಲಿ ನಾನೇ ಇದ್ದೆನೆಂಬ ಸಲುಗೆಯೂ ಇತ್ತು. ಅವಳ ಮೂಲ ಊರು ಹೊಳೆಬೇಣ, ತೋಡೂರು ಆಮೇಲೆ ನೆಲೆಸಿದ್ದು. ನೌಕಾನೆಲೆಯ ಕೆಲಸಕ್ಕೆ ಜಾಗ ಬಿಟ್ಟುಕೊಟ್ಟು ಮನೆಗಳೆಲ್ಲ ಎದ್ದುಹೋದ ಸಣ್ಣ ಕೇರಿ. ಈಗ ಆ ಹೆಸರಿನ ನಿಲ್ದಾಣದಲ್ಲಿ ಇಳಿಯುವವರೂ ಇಲ್ಲ, ನಿಲ್ದಾಣವೂ ಇಲ್ಲ. ಮಗ ರಮಾಕಾಂತ ಹೊಸದಾಗಿ ಪ್ಯಾಸೆಂಜರ್ ಟೆಂಪೋ ತೆಗೆದುಕೊಂಡಿದ್ದ. ಅದರ ಹಿಂದಿನ ಗಾಜಿಗೆ ಆ ಊರಿನ ಹೆಸರು ಹಾಕಿಸಬೇಕಿತ್ತು.

ಮಂಗಲಾ ಪರದೆಯ ಮೇಲೆ ಒಂದಾದ ಮೇಲೊಂದು ಅಕ್ಷರಶೈಲಿ ತೋರಿಸಿದಳು. ಗಿರಿಜಕ್ಕ ಯಾವುದನ್ನೂ ನೋಡಲಿಲ್ಲ; ಮೂಲೆಯಲ್ಲಿದ್ದ ಶಾಂತಾರಾಮನನ್ನೇ ನೋಡಿದಳು.

"ನಮ್ಮೂರ ಬಸ್‌ಸ್ಟ್ಯಾಂಡಿನ ಬೋರ್ಡು ನೀವೇ ಬರೆದದ್ದಲ್ವಾ ಪೇಂಟರಣ್ಣ? ಅದೇ ಅಕ್ಷರ ಬೇಕು ನಂಗೆ."

"ಈಗ ನಾನು ಬರೆಯೂದಿಲ್ಲ ಗಿರಿಜಕ್ಕ. ಕಂಪ್ಯೂಟರಿಂದು ಹಾಕಿಸ್ಕೊ, ಚಂದ ಅದೆ."

"ಕಂಪ್ಯೂಟರಿಗೆ ಹೊಳೆಬೇಣ ಗೊತ್ತದ್ಯಾ?"

ಶಾಂತಾರಾಮ ಹಾಳೆಯ ಸುರುಳಿಯೊಂದನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. "ಅವಸರ ಇಲ್ಲ, ನೀವು ಬರ್ದಾಗ ಸಾಕು" ಎಂದು ಹೇಳಿ ಆಕೆ ಒಂದು ಕಟ್ಟು ಬಸಳೆಯನ್ನು ಮೇಜಿನ ಮೇಲಿಟ್ಟು ಬುಟ್ಟಿ ಎತ್ತಿಕೊಂಡು ಹೋದಳು. ಇಂಥ ಗಿರಾಕಿಗಳನ್ನು ಸಾಗಹಾಕುವುದು ಬಹಳ ಕಷ್ಟ. ಜಗಳವಾಡಿದರೆ ಜಗಳವಾಡಬಹುದು, ಕಾಯುತ್ತೇನೆ ಎಂದವರ ಜೊತೆ ಏನು ಮಾಡುವುದು?

ಆ ವಾರದಲ್ಲೇ ನಾವು ಮೂವರೂ ಕಾರವಾರಕ್ಕೆ ಹೋದದ್ದು, ಮತ್ತು ನಾನು ಮುಚ್ಚಳದ ಧೂಳು ಪರೀಕ್ಷಿಸಿದ್ದು. ಪಾಂಡುರಂಗ ಮನೆಯಲ್ಲಿ ಕೊಂಕಣಿ, ಗಿರಾಕಿಯೊಡನೆ ಕನ್ನಡ, ಯಂತ್ರ ಕೈಕೊಟ್ಟಾಗ ಮರಾಠಿ ಮಾತಾಡುವ ಸಜ್ಜನ. ಎರಡೂ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ವಧುಪರೀಕ್ಷೆಗೆ ಕೂರಿಸಿದಂತೆ ಇಬ್ಬರ ಗುಣವನ್ನೂ ಹಾಡಿದ. ತೋರಿಸಲು ಇಂಗ್ಲಿಷಿನ ನೆಟ್ಟನೆಯ ಅಕ್ಷರಗಳನ್ನು ಕತ್ತರಿಸಿದ. ಎರಡೂ ಒಂದೇ ತರಹ ಕತ್ತರಿಸಿದವು. "ಬಾಯೀ, ಇದ್ರಲ್ಲಿ ಗೊತ್ತಾಗೂದಿಲ್ಲ. ಕೈಯಲ್ಲಿ ಕನ್ನಡ ಬರ್ದು ಕೊಡಿ ಯಾರಾದ್ರೂ, ಸ್ಕ್ಯಾನ್ ಮಾಡಿ ಕೊಯ್ದು ತೋರಿಸ್ತೆ" ಎಂದು ಕಾಗದ, ದಪ್ಪ ಪೆನ್ನು ಮುಂದಿಟ್ಟ. ನಾನು ಮುಚ್ಚಳದ ಧೂಳನ್ನು ಮತ್ತೊಮ್ಮೆ ಪರೀಕ್ಷಿಸಿದೆ, ಮಂಗಲಾ ಪರ್ಸಿನೊಳಗೆ ಏನೋ ಹುಡುಕಿದಳು. ಅಪರಿಚಿತನ ಎದುರು ಕಾರಣ ವಿವರಿಸುವುದಕ್ಕಿಂತ ಬರೆದುಬಿಡುವುದೇ ಲೇಸು ಅನಿಸಿರಬೇಕು, ಶಾಂತಾರಾಮ ಪೆನ್ನು ತೆಗೆದುಕೊಂಡ.

ಹೊಳೆಬೇಣ ಎಂದೇ ಬರೆದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು ಬರೆದ. ಸಹಿ ಹಾಕಲೆಂದು ಕೈ ನಡುಗಿಸುತ್ತ ಪೆನ್ನು ಹಿಡಿದ ರೋಗಿಗಳನ್ನು ನಾನು ಎಷ್ಟೋ ಕಂಡಿದ್ದೇನೆ, ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೇನೆ. ಅಂದು ತಮ್ಮನ ಬೆನ್ನ ಮೇಲೆ ಕೈಯಿಡಲು ನನಗೆ ಧೈರ್ಯವಾಗಲಿಲ್ಲ.

ಅಗಲದ ಯಂತ್ರ ಅದನ್ನು ಕತ್ತರಿಸಿತು. ತಿರುವುಗಳಲ್ಲೆಲ್ಲ ತುರಿಮಣೆಯ ಹಾಗೆ ಹಲ್ಲು ಹಲ್ಲು. ಅದರಲ್ಲಿ ಕೈಯ ನಡುಕ ಯಾವುದು, ಯಂತ್ರದ ಹಲ್ಲು ಯಾವುದು, ಬ್ರಹ್ಮನಿಗೂ ಬೇರ್ಪಡಿಸಲಾಗದು. ನಯದ ಯಂತ್ರ ಕತ್ತರಿಸಿದ್ದು ಬೇರೆಯೇ. ಅದರದೇ ಆದ ಹಲ್ಲು ಒಂದೂ ಇಲ್ಲ. ನೆತ್ತಿಯ ಗೆರೆಯ ಆ ಮೇಲೆತ್ತಿದ ಹುಬ್ಬು, 'ಳ'ಕಾರದ ಉದಾರವಾದ ಸುತ್ತು, ಎಲ್ಲ ಹಾಗೆ ಹಾಗೆ ಇತ್ತು. ಮತ್ತು ಒಂದೊಂದು ನಡುಕವೂ, ನೀರ ಮೇಲಿನ ಸಣ್ಣ ತೆರೆಯಂತೆ, ಸ್ಪಷ್ಟವಾಗಿ ಕಾಣುತ್ತಿತ್ತು.

ಪಾಂಡುರಂಗ ಹೆಮ್ಮೆಯಿಂದ ನಮ್ಮ ಮುಖ ನೋಡಿದ. ಶಾಂತಾರಾಮ ಆ ಹಾಳೆಯನ್ನು ಮಗುಚಿಟ್ಟ.

"ಇದು ಬೇಡ ಅಕ್ಕ. ಅಗಲದ್ದೇ ತಕ್ಕೊಳ್ವಾ. ಮಂಗಲಾ ಹೇಳೂದೇ ಸರಿ."

ವಿಚಿತ್ರ ನೋಡಿ. ಮೊದಲ ದಿನದಿಂದ ಅಗಲದ್ದೇ ಬೇಕೆನ್ನುತ್ತಿದ್ದ ಮಂಗಲಾ ಬಯಸಿದ್ದು ಸಿಕ್ಕಿಯೂ ಖುಷಿಪಡಲಿಲ್ಲ. "ನಾಳೆ ಹೇಳ್ತೇವೆ" ಎಂದು ಪಾಂಡುರಂಗನಿಗೆ ಹೇಳಿ ನಮ್ಮನ್ನು ಹೊರಡಿಸಿದಳು. ಅಂಕೋಲೆಯವರೆಗೆ ಬಸ್ಸಿನಲ್ಲಿ ಮೂವರೂ ಸಮುದ್ರವನ್ನೇ ಮೊದಲ ಬಾರಿ ಕಂಡವರಂತೆ ಕಿಟಕಿಯಾಚೆ ನೋಡುತ್ತ ಬಂದೆವು.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಮಂಗಲಾ ತನ್ನ ಪರ್ಸಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರವಿದಳು. ಶಾಂತಾರಾಮ ಪಾಂಡುರಂಗನ ಅಂಗಡಿಯಲ್ಲಿ ಬರೆದು ಅಲ್ಲೇ ಬಿಟ್ಟು ಬಂದಿದ್ದ ಕಾಗದ.

"ನಯದ್ದೇ ತರ್ವಾ" ಎಂದಳು.

"ನಿಂಗೆ ತಲೆ ಸರಿ ಅದ್ಯಾ? ಲಾರಿ ಕೆಲಸ ಬಿಟ್ಟು ನನ್ನ ನಡುಕ ಕೊಯ್ಯೂಕೆ ಮಷಿನ್ ತರೂದಾ?"

"ಲಾರಿ ಯಾರು ಬಿಡ್ತೇನೆ ಅಂದ್ರು? ದೊಡ್ಡ ಅಕ್ಷರ ಎರಡು ತುಂಡು ಮಾಡಿ ಕೊಯ್ಯೂದು. ಜೋಡ್ಸೂಕೆ ಅಕ್ಕ ಇದ್ದಾರಲ್ಲ, ಮನುಷ್ಯರ ಗಾಯ ಕೂಡ್ಸಿದವ್ರಿಗೆ ರೇಡಿಯಂ ಕೂಡ್ಸೂದು ದೊಡ್ಡದಾ?"

"ಜನ ನಗ್ತಾರೆ ಮಾರಾಯ್ತಿ."

"ನಗ್ಲಿ. ನೀವು ಬರೆದದ್ದು ನೋಡದೆ ಎಷ್ಟು ವರ್ಷ ಆಯ್ತು ನಂಗೆ" ಎಂದವಳು ಮಾತು ನಿಲ್ಲಿಸಿ, ಆಗಲೇ ತೊಳೆದಿದ್ದ ಲೋಟವನ್ನು ಇನ್ನೊಮ್ಮೆ ತೊಳೆಯಲು ಒಳಗೆ ಹೋದಳು. ಹೊತ್ತಿಗೆ ಸರಿಯಾಗಿ ಕುಡಿಯಲೇಬೇಕಾದ ನನ್ನ ಚಹಾ ಆ ದಿನ ಆರಿತು.

ನಯದ ಯಂತ್ರ ಬಂತು. ಬಾಳೆಗುಳಿಯ ಅಂಗಡಿಯಲ್ಲಿ ಅದಕ್ಕೊಂದು ಜಾಗ, ಒಂದು ಮುಸುಕು, ದಿನಕ್ಕೊಮ್ಮೆ ಒಣ ಬಟ್ಟೆಯಿಂದ ನನ್ನ ಶುಶ್ರೂಷೆ. ಲಾರಿಯ ದೊಡ್ಡ ಅಕ್ಷರಗಳನ್ನು ಎರಡು ತುಂಡಾಗಿ ಕತ್ತರಿಸಿ ನಾನು ಅಂಚಿಗೆ ಅಂಚು ಕೂಡಿಸಿ ಅಂಟಿಸಿದೆ. ಗುರುತು ಉಳಿಯದ ಹಾಗೆ ಗಾಯ ಕೂಡಿದಾಗಿನ ಹಳೆಯ ಸಂತೋಷ ಬಹಳ ಕಾಲದ ಮೇಲೆ ಮರಳಿತು. ನಿಧಾನವಾಗುತ್ತಿತ್ತು, ನಿಜ. ಕೆಲವು ಲಾರಿಯವರು ತಾಳ್ಮೆಯಿಲ್ಲದೆ ಮುಂದಿನ ಅಂಗಡಿಗೆ ಹೋದದ್ದೂ ನಿಜ.

ಗಿರಿಜಕ್ಕನ ಕೆಲಸಕ್ಕೆ ಮಾತ್ರ ಶಾಂತಾರಾಮ ಒಂದು ಷರತ್ತು ಹಾಕಿದ. ಕಂಪ್ಯೂಟರಿನಲ್ಲಿ ಗೆರೆಯ ಅಂಕುಡೊಂಕನ್ನು ಸವರಿ ನೇರ್ಪುಗೊಳಿಸುವ ಉಪಾಯವಿತ್ತು. ನಡುಕವನ್ನು ಪೂರ್ತಿ ಅಳಿಸಿಯೇ ಕತ್ತರಿಸಬೇಕು ಎಂದ. ಮಂಗಲಾ ಸವರಿದಳು. ಒಮ್ಮೆ ಸವರಿದಾಗ ನಡುಕ ತಗ್ಗಿತು, ಹುಬ್ಬೂ ತುಸು ಇಳಿಯಿತು. ಮತ್ತೊಮ್ಮೆ ಸವರಿದಾಗ ನಡುಕ ಹೋಯಿತು; ನೆತ್ತಿಯ ಗೆರೆ ಎಲ್ಲರ ಅಕ್ಷರದಂತೆ ಮಟ್ಟಸವಾಯಿತು. ಶಾಂತಾರಾಮ ಅಂದು ಮೊದಲ ಬಾರಿಗೆ ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದ. "ಇದೇ ಇರ್ಲಿ" ಎಂದ. ದನಿಯಲ್ಲಿ ಹುರುಪಿರಲಿಲ್ಲ. ಅವನು ಊಟಕ್ಕೆ ಹೋದಾಗ ನಾವಿಬ್ಬರು ಹೆಂಗಸರು ಏನನ್ನೂ ಚರ್ಚಿಸದೆ, ಸವರದೆ ಇದ್ದದ್ದನ್ನೂ ಒಂದು ಪ್ರತಿ ಕತ್ತರಿಸಿ ಚೀಲದಲ್ಲಿಟ್ಟುಕೊಂಡೆವು.

ನಾವು ಮೂವರೂ ತೋಡೂರಿಗೆ ಹೋದಾಗ ಗಿರಿಜಕ್ಕನ ಮನೆಯಂಗಳದಲ್ಲಿ ಟೆಂಪೋ ಮೈ ತೊಳೆಸಿಕೊಂಡು ನಿಂತಿತ್ತು. ರಮಾಕಾಂತ ಹಿಂದಿನ ಗಾಜನ್ನು ಹಳೆಯ ಪತ್ರಿಕೆಯಿಂದ ತಿಕ್ಕಿ ತಿಕ್ಕಿ ಮಿಂಚಿಸಿದ್ದ. ಶಾಂತಾರಾಮ ನೇರ್ಪುಗೊಳಿಸಿದ ಅಕ್ಷರಗಳನ್ನು ಗಾಜಿನ ಮೇಲೆ ಹಿಡಿದು ತೋರಿಸಿದ. ಗಿರಿಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಚಂದ ಅದೆ. ಬ್ಯಾಂಕಿನ ಬೋರ್ಡಿನ ಹಂಗೆ ಅದೆ."

ಮನೆಗೆ ಬಂದ ಅಧಿಕಾರಿಯನ್ನು ಹೊಗಳುವ ಧಾಟಿಯದು. ನಾನು ಚೀಲದಿಂದ ಇನ್ನೊಂದು ಹಾಳೆ ತೆಗೆದೆ. ಶಾಂತಾರಾಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಸೂಜಿ ಕಂಡ ಎಲ್ಲ ಗಂಡಸರೂ ಹಾಗೇ ನೋಡುತ್ತಾರೆ. ಹಾಳೆಯನ್ನು ಗಾಜಿಗೆ ಹಿಡಿದೆ.

ಗಿರಿಜಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದಳು. ತಲೆ ವಾರೆ ಮಾಡಿದಳು. ಆಮೇಲೆ ಇದ್ದಕ್ಕಿದ್ದಂತೆ ಬಾಯಿತುಂಬ ನಕ್ಕಳು.

"ಇದು ನೋಡಿ! ಇದೇ ನಮ್ಮೂರ ಬೋರ್ಡು. ಕಾರವಾರದಿಂದ ಬಸ್ಸಲ್ಲಿ ಬರುವಾಗ ಹಿಂಗೇ ಕಾಣ್ತಿತ್ತು. ಆ ಹೊಂಡದ ರಸ್ತೆ ಮೇಲೆ ಬಸ್ಸು ಕುಣೀತಾ ಬರೂದು, ಬೋರ್ಡು ಕುಣೀತಾ ಕಾಣೂದು. ಅದು ಕಂಡ ಕೂಡ್ಲೇ ನಾನು ಬುಟ್ಟಿ ಎತ್ಕೊಂಡು ಎದ್ದು ನಿಲ್ತಿದ್ದೆ."

ಶಾಂತಾರಾಮನೊಳಗಿನ ಹಳೆಯ ಪೇಂಟರ್ ಎದ್ದು ಕೂತ. "ಅಲ್ಲ ಗಿರಿಜಕ್ಕ, ನಾನು ದಾರ ಹಿಡಿದು ನೆಟ್ಟಗೇ ಬರ್ದಿದ್ದೆ ಅದನ್ನ!"

"ನೀವು ಬರೆದದ್ದು ನೆಟ್ಟಗೇ ಇರ್ಬೋದು ಪೇಂಟರಣ್ಣ. ನಾವು ನೋಡಿದ್ದು ಹಿಂಗೆ."

ಬರೆಯುವವನು ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ. ಓದುವವರಾದರೋ ತಮ್ಮ ದಾರಿಯ ಹೊಂಡ, ತಮ್ಮ ತಲೆಯ ಹೊರೆ, ಇಳಿಯುವ ಅವಸರ, ಎಲ್ಲವನ್ನೂ ಕೂಡಿಸಿಕೊಂಡು ಓದಿರುತ್ತಾರೆ. ಇಷ್ಟು ಸಣ್ಣ ವಿಷಯ ನನಗೆ ಅಷ್ಟು ವಯಸ್ಸಾದ ಮೇಲೆ ತೋಡೂರಿನ ಅಂಗಳದಲ್ಲಿ ಹೊಳೆಯಿತು.

ಶಾಂತಾರಾಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡ. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ಸರಿಸಿದ. ಗಾಜಿಗೆ ನೀರು ಚಿಮುಕಿಸಿ, ಅಕ್ಷರಗಳನ್ನು ಕೂರಿಸಿ, ಒಳಗಿನ ಗುಳ್ಳೆಗಳನ್ನು ಅಂಚಿಗೆ ತಳ್ಳುತ್ತ, ಅಕ್ಷರಗಳನ್ನು ಹಿಡಿದಿಟ್ಟಿದ್ದ ಮೇಲಿನ ಕಾಗದವನ್ನು ನಿಧಾನವಾಗಿ ಸುಲಿದ. ಉಸಿರು ಬಿಗಿಹಿಡಿದಿದ್ದ. ಕೊನೆಯ ತುದಿ ಬಿಟ್ಟುಕೊಂಡ ಮೇಲೆ ಉಸಿರು ಬಿಟ್ಟ.

ರಮಾಕಾಂತ ಇಂಜಿನ್ ಚಾಲೂ ಮಾಡಿದ. ಗಾಜು ಗಡಗಡ ನಡುಗಿತು, ಗಾಜಿನ ಜೊತೆ ಹೊಳೆಬೇಣವೂ. ಗಿರಿಜಕ್ಕ ಮಗನಿಗೆ ಏನೋ ಕೂಗಿ ಹೇಳಿದಳು, ಸದ್ದಿನಲ್ಲಿ ಕೇಳಿಸಲಿಲ್ಲ. ಟೆಂಪೋ ಅಂಗಳ ದಾಟಿ ರಸ್ತೆಗೆ ಹತ್ತಿ ಕಾರವಾರದ ಕಡೆ ತಿರುಗಿತು. ಶಾಂತಾರಾಮ ರಸ್ತೆಯವರೆಗೂ ಹಿಂದೆಯೇ ನಡೆದು ಹೋಗಿ, ಕಣ್ಣು ಕಿರಿದು ಮಾಡಿ, ಅದು ಮರೆಯಾಗುವ ತನಕ ನೋಡಿ ಬಂದ.

"'ಣ'ದ ಬಾಲ ಸಪೂರ ಆಯ್ತು ಮಂಗಲಾ" ಎಂದ. "ದೂರಕ್ಕೆ ಕಾಣೂದಿಲ್ಲ. ಮುಂದಿನದ್ದಕ್ಕೆ ಸ್ವಲ್ಪ ದಪ್ಪ ಬರೀತೆ."